ಕಾಸಿಗೆ ತಕ್ಕ ಕಡಲೇ?

ಪ್ರವಾಸೋದ್ಯಮದ ಭಾಷೆಯಲ್ಲಿ ‘ಉನ್ನತ ಮೌಲ್ಯದ ಪ್ರವಾಸಿ’ ಎಂಬ ಮಾತೊಂದು ಕೆಲವು ವರ್ಷಗಳಿಂದ ಚಲಾವಣೆಯಲ್ಲಿದೆ. ಕೇಳಲು ಸೊಗಸಾದ ಮಾತು. ಮೌಲ್ಯವೆಂದರೆ ಸತ್ಯ, ದಯೆ, ಸಂಯಮ ಎಂದು ಶಾಲೆಯ ಮೌಲ್ಯಶಿಕ್ಷಣದ ತರಗತಿಯಲ್ಲಿ ಕಲಿತ ನಮಗೆ ಯಾರೋ ಸಜ್ಜನ ಯಾತ್ರಿಕನ ಚಿತ್ರ ಕಣ್ಣಮುಂದೆ ಬಂದರೆ ಆಶ್ಚರ್ಯವಿಲ್ಲ. ಆದರೆ ಆ ಮಾತಿನ ಅರ್ಥ ಅದಲ್ಲ. ದಿನವೊಂದಕ್ಕೆ ಹೆಚ್ಚು ಹಣ ಸುರಿಯುವವನು ಉನ್ನತ ಮೌಲ್ಯದವನು. ಅಗ್ಗದ ಕೋಣೆಯಲ್ಲಿ ತಂಗಿ, ಊರಿನ ಸಣ್ಣ ಹೋಟೆಲಿನಲ್ಲಿ ಉಂಡು, ಕಡಲನ್ನು ಕಣ್ತುಂಬ ನೋಡಿ ಮರಳುವವನು ಕೆಳಮೌಲ್ಯದವನು. ಮನುಷ್ಯನ ಬೆಲೆಯನ್ನು ಅವನ ಕಿಸೆಯಿಂದ ಅಳೆಯುವ ಈ ಅಳತೆಗೋಲನ್ನು ಒಪ್ಪಲಾಗದು. ಅದು ಕಡಲನ್ನೂ ಕಾಯುವುದಿಲ್ಲ, ಕಡಲನ್ನು ನೋಡಲು ಹೋಗುವವನನ್ನೂ ಕೆಡಿಸುತ್ತದೆ ಎಂಬುದು ನನ್ನ ವಾದ.

ಈ ಅಳತೆಗೋಲು ಅತ್ಯಂತ ನಿಸ್ಸಂಕೋಚವಾಗಿ ಬಳಕೆಯಾಗುತ್ತಿರುವುದು ಸ್ಕೂಬಾ ಡೈವಿಂಗಿಗೆ ಹೆಸರಾದ ದ್ವೀಪಗಳಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಾಳಕ್ಕಿಳಿದು ಹವಳದ ದಿಬ್ಬಗಳನ್ನೂ ಮೀನಿನ ಹಿಂಡುಗಳನ್ನೂ ನೋಡುವ ಹವ್ಯಾಸವಿದು. ಇದು ನಮ್ಮ ಕುಟುಂಬಗಳಿಗೆ ಸಂಬಂಧಿಸದ ಸಂಗತಿಯೆಂದು ಪುಟ ತಿರುವಬೇಡಿ. ಬೆಂಗಳೂರಿನಲ್ಲಿಯೋ ಕೊಲ್ಲಿಯಲ್ಲಿಯೋ ದುಡಿಯುತ್ತಿರುವ ನಮ್ಮ ಮಕ್ಕಳು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮೊದಲ ಬಾರಿಗೆ ನೀರಿಗಿಳಿಯುತ್ತಾರೆ, ಮರುವರ್ಷ ಅಂಡಮಾನಿಗೋ ಮಾಲ್ಡೀವ್ಸಿಗೋ ಹೋಗುತ್ತಾರೆ, ಆಮೇಲೆ ಇನ್ನೂ ದೂರಕ್ಕೆ ಕಣ್ಣು ಹಾಯಿಸುತ್ತಾರೆ. ಆ ದೂರದ ಹೆಸರುಗಳಲ್ಲಿ ಒಂದು ಪಲಾವು. ನಮ್ಮ ಅಡುಗೆಮನೆಯ ಪಲಾವಿಗೂ ಇದಕ್ಕೂ ಸಂಬಂಧವಿಲ್ಲವೆನ್ನಿ.

ಪಲಾವು ಫಿಲಿಪ್ಪೀನ್ಸ್‌ನ ಪೂರ್ವಕ್ಕೆ ಶಾಂತಸಾಗರದಲ್ಲಿ ಚದುರಿ ಬಿದ್ದಿರುವ ಮುನ್ನೂರಕ್ಕೂ ಮಿಕ್ಕ ದ್ವೀಪಗಳ ದೇಶ. 1994ರಲ್ಲಿ ಸ್ವತಂತ್ರವಾದ ಈ ರಾಷ್ಟ್ರದ ಜನಸಂಖ್ಯೆ ಇಪ್ಪತ್ತು ಸಾವಿರವನ್ನು ಮುಟ್ಟುವುದಿಲ್ಲ. ನಮ್ಮ ಒಂದೆರಡು ದೊಡ್ಡ ಹಳ್ಳಿಗಳಷ್ಟು ಜನ. ಆದರೆ ಅದರ ಕಡಲು ಜಗತ್ಪ್ರಸಿದ್ಧ. ಅಣಬೆಯಂತೆ ನೀರಿನಿಂದೆದ್ದ ಅಲ್ಲಿನ ಸುಣ್ಣಕಲ್ಲಿನ ದ್ವೀಪಸಮೂಹವನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರಲ್ಲಿಯೇ ಈ ಪುಟ್ಟ ದೇಶ ತನ್ನ ಇಡೀ ಕಡಲನ್ನು ಶಾರ್ಕ್ ಮೀನುಗಳ ಅಭಯಧಾಮವೆಂದು ಸಾರಿತ್ತು. 2015ರಲ್ಲಿ ಮಾಡಿದ ಕಾನೂನಿನಂತೆ, 2020ರ ಆರಂಭದಿಂದ, ತನ್ನ ಸಾಗರ ಪ್ರದೇಶದ ಶೇಕಡಾ 80 ಭಾಗದಲ್ಲಿ ಮೀನುಗಾರಿಕೆಯನ್ನೇ ನಿಷೇಧಿಸಿತು. ಪುಟ್ಟ ದೇಶವೊಂದು ಇಷ್ಟು ಧೈರ್ಯ ತೋರಿಸುವುದು ಸಣ್ಣ ಮಾತಲ್ಲ. ವಿದೇಶಿ ಹಡಗುಗಳು ಮೀನು ಹಿಡಿಯಲು ಕೊಡುತ್ತಿದ್ದ ಪರವಾನಗಿ ಹಣ ಅಂಥ ದೇಶಗಳಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಲ್ಲವರೇ ಬಲ್ಲರು.

ಅದೇ 2015ರಲ್ಲಿ ಅಲ್ಲಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು. ಅರ್ಧಕ್ಕೂ ಹೆಚ್ಚು ಮಂದಿ ಚೀನಾದಿಂದ, ಬಹುಪಾಲು ಬಾಡಿಗೆ ವಿಮಾನಗಳಲ್ಲಿ, ಗುಂಪು ಗುಂಪಾಗಿ. ಮನೆಯವರಿಗಿಂತ ಎಂಟು ಪಟ್ಟು ನೆಂಟರು! ಹೋಟೆಲುಗಳ ತಟ್ಟೆಗೆ ದಿಬ್ಬದ ಮೀನು ಏರಿತು, ದೋಣಿಗಳು ಒಂದರ ಮೇಲೊಂದು ನಿಂತವು, ಕುಡಿಯುವ ನೀರು, ಕಸ, ಚರಂಡಿ ಎಲ್ಲವೂ ಒತ್ತಡಕ್ಕೆ ಸಿಕ್ಕಿದವು. ಸರಕಾರ ಬಾಡಿಗೆ ವಿಮಾನಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿತು. ಅಂದಿನ ಅಧ್ಯಕ್ಷ ಟಾಮಿ ರೆಮೆಂಗೆಸೌ ಅವರ ಆಡಳಿತ, ಇನ್ನು ಮುಂದೆ ನಮಗೆ ಬೇಕಾಗಿರುವುದು ಹೆಚ್ಚು ಜನರಲ್ಲ, ಹೆಚ್ಚು ಖರ್ಚು ಮಾಡುವ ಜನ ಎಂಬ ನೀತಿಯನ್ನು ಹಿಡಿಯಿತು. 2018ರ ಜನವರಿಯಿಂದ ವಿದೇಶಿ ಪ್ರವಾಸಿಯ ವಿಮಾನದ ಟಿಕೇಟಿಗೆ 100 ಡಾಲರ್ ಪರಿಸರ ಶುಲ್ಕ ಸೇರಿತು. ಇಂದಿನ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಗೂ ಮಿಕ್ಕಿದ ಹಣ. ಸುಣ್ಣಕಲ್ಲಿನ ದ್ವೀಪಗಳಿಗೆ ಹೋಗಲು ಕೊರೊರ್ ರಾಜ್ಯದ 50 ಡಾಲರ್ ಅನುಮತಿ ಪತ್ರ ಬೇರೆ. ಲೋಳೆಮೀನುಗಳ ಸರೋವರವನ್ನೂ ನೋಡಬೇಕೆಂದರೆ ಅದು 100 ಡಾಲರ್. ಇವುಗಳ ಮೇಲೆ ದೋಣಿ, ಮಾರ್ಗದರ್ಶಿ, ಸಿಲಿಂಡರ್, ವಸತಿ, ಊಟ. ಮನಿಲಾ, ತೈಪೆ ಅಥವಾ ಗುವಾಮ್ ಸುತ್ತಿ ಬರುವ ವಿಮಾನದ ದರ ಮೊದಲೇ ಉಂಟು.

ಈ ಬೆಲೆ ನ್ಯಾಯವೇ ಅನ್ಯಾಯವೇ? ಒಂದೇ ಮಾತಿನಲ್ಲಿ ಉತ್ತರಿಸುವವರನ್ನು ನಂಬಬೇಡಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಬಿಲ್ಲಿನಲ್ಲಿ ಬೆರೆತಿವೆ, ಅವುಗಳನ್ನು ಬಿಡಿಸಬೇಕು. ಅದಕ್ಕೆ ಹಳೆಯದೊಂದು ವಿಚಾರ ನೆರವಾಗುತ್ತದೆ. ವಸ್ತುವನ್ನು ಅದರ ಬೆಲೆಗಿಂತ ಹೆಚ್ಚಿಗೆ ಮಾರಬಹುದೇ ಎಂಬ ಪ್ರಶ್ನೆಯನ್ನು ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಚರ್ಚಿಸಿದ್ದಾರೆ. ಅವರ ತೀರ್ಮಾನವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುತ್ತದೆ ಎಂದಾದರೆ ಆ ನಷ್ಟವನ್ನು ಬೆಲೆಗೆ ಸೇರಿಸಲು ಅವನಿಗೆ ಹಕ್ಕಿದೆ. ಆದರೆ ಕೊಳ್ಳುವವನಿಗೆ ಅದರಿಂದ ಬಹಳ ಪ್ರಯೋಜನವಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸುವ ಹಕ್ಕಿಲ್ಲ. ಏಕೆಂದರೆ ಆ ಪ್ರಯೋಜನ ಕೊಳ್ಳುವವನ ಸ್ಥಿತಿಯಿಂದ ಹುಟ್ಟಿದ್ದು, ಮಾರುವವನದಲ್ಲ, ತನ್ನದಲ್ಲದ್ದನ್ನು ಮಾರಲು ಯಾರಿಗೂ ಅಧಿಕಾರವಿಲ್ಲ. ಏಳುನೂರು ವರ್ಷಗಳ ಹಿಂದಿನ ಈ ವಿವೇಚನೆ ಇಂದಿನ ಕಡಲತೀರಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ!

ಪಲಾವಿನ 100 ಡಾಲರ್ ಮೊದಲನೆಯ ಬಗೆಯದು. ಪ್ರವಾಸಿ ಬಂದುಹೋದರೆ ದ್ವೀಪಕ್ಕೆ ನಷ್ಟವಿದೆ. ಕಸ ತುಂಬುತ್ತದೆ, ದಿಬ್ಬ ಸವೆಯುತ್ತದೆ, ಕಾವಲುಗಾರನಿಗೆ ಸಂಬಳ ಬೇಕು, ಕಳ್ಳ ಮೀನುಗಾರಿಕೆಯ ಹಡಗನ್ನು ಅಟ್ಟಲು ಗಸ್ತುದೋಣಿಗೆ ಎಣ್ಣೆ ಬೇಕು. ಆ ನಷ್ಟವನ್ನು ಬಂದವನಲ್ಲದೆ ಮತ್ತಾರು ತುಂಬಬೇಕು? ಎಲ್ಲ ಪ್ರವಾಸಿಗರಿಗೂ ಒಂದೇ ದರ, ಬಹಿರಂಗವಾದ ದರ. ಅದರ ಒಂದು ಪಾಲು ದೇಶದ ಸಂರಕ್ಷಿತ ಪ್ರದೇಶಗಳ ನಿರ್ವಹಣೆಗೆ ಹೋಗುತ್ತದೆ. ಇದನ್ನು ಸುಲಿಗೆಯೆಂದು ಗೊಣಗುವ ಯಾತ್ರಿಕನಿಗೆ ನನ್ನಲ್ಲಿ ಕಿಂಚಿತ್ತೂ ಸಹಾನುಭೂತಿಯಿಲ್ಲ. ಹಲವು ಸಾವಿರ ಡಾಲರ್ ತೆತ್ತು ಬಂದವನು ಕೊನೆಯ ನೂರಕ್ಕೆ ಮುಖ ಸಿಂಡರಿಸುವುದು, ಮದುವೆಗೆ ಲಕ್ಷ ಸುರಿದು ಪಾತ್ರೆ ತೊಳೆದವಳ ಕೂಲಿಗೆ ಚೌಕಾಸಿ ಮಾಡಿದಂತೆ.

ಗಲಾಪಗೋಸ್ ದ್ವೀಪಗಳ ಕಥೆಯೂ ಇದನ್ನೇ ಹೇಳುತ್ತದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 1998ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ವಿದೇಶಿಯರಿಗೆ 100 ಡಾಲರಿನಲ್ಲಿಯೇ ನಿಂತಿತ್ತು. 2023ರಲ್ಲಿ ಮೂರು ಲಕ್ಷಕ್ಕೂ ಮೀರಿ ಜನ ಬಂದರು. 2024ರ ಆಗಸ್ಟ್ 1ರಿಂದ ಶುಲ್ಕ 200 ಡಾಲರ್ ಆಯಿತು. ಕೂಗೆದ್ದಿತು. ಆದರೆ ಡಾರ್ವಿನ್ ಮತ್ತು ವುಲ್ಫ್ ಎಂಬ ದೂರದ ದ್ವೀಪಗಳಲ್ಲಿ ಸುತ್ತಿಗೆ ತಲೆಯ ಶಾರ್ಕುಗಳ ಹಿಂಡನ್ನು ನೋಡಬೇಕಾದರೆ ದೋಣಿಯಲ್ಲಿಯೇ ವಾಸಮಾಡಿ ಹೋಗಬೇಕು. ಅದಕ್ಕೆ ತಗಲುವ ಸಾವಿರಾರು ಡಾಲರಿನ ಬಗ್ಗೆ ಯಾರೂ ಕೂಗಲಿಲ್ಲ! ಕಡಲಿಗೆ ಸಲ್ಲುವ ಇನ್ನೂರು ಹೆಚ್ಚಾಯಿತು, ಹವಾನಿಯಂತ್ರಿತ ಕೋಣೆಗೆ ಸಲ್ಲುವ ಸಾವಿರಗಳು ಸಹಜವೆನಿಸಿದವು. ನನಗೆ ನೋವೆನಿಸಿದ್ದು ಬೇರೊಂದು ಅಂಕಿ. ಇಕ್ವೆಡಾರಿನ ಸ್ವಂತ ಪ್ರಜೆಗಳಿಗಿದ್ದ 6 ಡಾಲರ್ ಶುಲ್ಕ ಅದೇ ದಿನ 30ಕ್ಕೇರಿತು. ವಿದೇಶಿಯ ಹೊರೆ ಎರಡು ಪಟ್ಟಾದರೆ ನಾಡಿನವನದು ಐದು ಪಟ್ಟು. ತನ್ನ ದೇಶದ ಹೆಮ್ಮೆಯನ್ನು ಮಕ್ಕಳಿಗೆ ತೋರಿಸಲು ಹೊರಟ ಅಲ್ಲಿನ ಶಾಲಾ ಮಾಸ್ತರನ ಲೆಕ್ಕವನ್ನು ಯಾರು ಹಾಕಿದರು?

ಇನ್ನು ಎರಡನೆಯ ಬಗೆಯ ಬೆಲೆ. ಇದು ನಷ್ಟವನ್ನು ತುಂಬುವುದಕ್ಕಲ್ಲ, ಇತರರನ್ನು ದೂರವಿಡುವುದಕ್ಕೆ. ‘ಇಲ್ಲಿ ಜನಜಂಗುಳಿಯಿಲ್ಲ’ ಎಂಬ ಜಾಹೀರಾತಿನ ಸಾಲನ್ನು ಗಮನವಿಟ್ಟು ಓದಿ. ಮಾರಾಟವಾಗುತ್ತಿರುವುದು ಹವಳವೂ ಅಲ್ಲ, ಮೀನೂ ಅಲ್ಲ, ಮತ್ತೊಬ್ಬನ ಗೈರುಹಾಜರಿ. ದ್ವೀಪವನ್ನೂ ದಿಬ್ಬವನ್ನೂ ಸೃಷ್ಟಿಸದ ವಸತಿಗೃಹದ ಒಡೆಯನು ಬಡವನ ಗೈರುಹಾಜರಿಯನ್ನು ಸಿರಿವಂತನಿಗೆ ಮಾರುತ್ತಿದ್ದಾನೆ. ತನ್ನದಲ್ಲದ್ದನ್ನು ಮಾರುವುದೆಂದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ಇದಕ್ಕೊಂದು ಉತ್ತರ ಸಿದ್ಧವಿದೆ ಎಂಬುದನ್ನು ಬಲ್ಲೆ. ಬೆಲೆ ಇಳಿಸಿದರೆ ಜನ ಮುಗಿಬೀಳುತ್ತಾರೆ, ದಿಬ್ಬ ಸಾಯುತ್ತದೆ, ಆಮೇಲೆ ಬಡವನಿಗೂ ಇಲ್ಲ, ಸಿರಿವಂತನಿಗೂ ಇಲ್ಲ. 2015ರ ಪಲಾವನ್ನು ನೋಡಿದವರು ಈ ಮಾತನ್ನು ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಆದರೆ ಅದರಿಂದ ಸಿದ್ಧವಾಗುವುದು ಸಂಖ್ಯೆಗೆ ಮಿತಿ ಬೇಕೆಂಬುದು ಮಾತ್ರ. ಮಿತಿಯನ್ನು ಹಣವೇ ಹಾಕಬೇಕೆಂಬುದಲ್ಲ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ಒಂದು ತಾಣದಲ್ಲಿ ವರ್ಷಕ್ಕೆ ನಾಲ್ಕರಿಂದ ಆರು ಸಾವಿರ ಬಾರಿಗಿಂತ ಹೆಚ್ಚಾಗಿ ಜನ ಮುಳುಗಿದರೆ ಹವಳಕ್ಕೆ ಹಾನಿ ಏರತೊಡಗುತ್ತದೆ ಎಂದು ಸೂಚಿಸಿದವು. ಗಮನಿಸಿ, ಅವು ಎಣಿಸಿದ್ದು ಮುಳುಗಿದವರ ಸಂಖ್ಯೆಯನ್ನು, ಅವರ ಬ್ಯಾಂಕಿನ ಖಾತೆಯನ್ನಲ್ಲ. ಹವಳವೆಂಬುದು ಕಲ್ಲಲ್ಲ, ಜೀವ. ಕಾಲಿಗೆ ಕಟ್ಟಿದ ರಬ್ಬರಿನ ಈಜುರೆಕ್ಕೆ ಒಮ್ಮೆ ತಗಲಿದರೆ ಹತ್ತಾರು ವರ್ಷ ಬೆಳೆದ ಕೊಂಬೆ ಮುರಿಯುತ್ತದೆ. ಆ ರೆಕ್ಕೆ ಐಷಾರಾಮಿ ವಸತಿಗೃಹದಿಂದ ಬಂದಿತೋ ಎಂಟು ಮಂದಿ ಮಲಗುವ ಕೋಣೆಯಿಂದ ಬಂದಿತೋ, ಕೊಂಬೆಗೆ ವ್ಯತ್ಯಾಸವಿಲ್ಲ.

ಇಷ್ಟೇ ಅಲ್ಲ. ದೊಡ್ಡ ಕ್ಯಾಮೆರಾ ಹಿಡಿದು ಇಳಿಯುವವರು ಇತರರಿಗಿಂತ ಹೆಚ್ಚಾಗಿ ಹವಳವನ್ನು ಮುಟ್ಟುತ್ತಾರೆ, ಒರಗುತ್ತಾರೆ ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ನೀರಿನಡಿಯ ಆ ಕ್ಯಾಮೆರಾ, ದೀಪ, ಪೆಟ್ಟಿಗೆಗಳ ಬೆಲೆ ಕೇಳಿದ್ದೀರಾ? ‘ಉನ್ನತ ಮೌಲ್ಯದ ಪ್ರವಾಸಿ’ಯ ಕೈಯಲ್ಲಿರುವುದು ಅದೇ. ಇದಕ್ಕೆ ಪ್ರತಿಯಾಗಿ, ಈಜಿಪ್ಟಿನ ರಾಸ್ ಮೊಹಮ್ಮದ್ ಉದ್ಯಾನದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೀರಿಗಿಳಿಯುವ ಮೊದಲು ಹವಳದ ಬಗ್ಗೆ ಸ್ವಲ್ಪ ಹೊತ್ತು ತಿಳಿಯಹೇಳಿದರೆ ಸಾಕು, ಜನ ದಿಬ್ಬಕ್ಕೆ ತಗಲುವುದು ಬಹಳಷ್ಟು ತಗ್ಗುತ್ತದೆ ಎಂದು ತೋರಿಸಿತು. ತಿಳಿಯಹೇಳಲು ಎಷ್ಟು ಡಾಲರ್ ಬೇಕು?

ಹಣವಿಲ್ಲದೆ ಮಿತಿ ಹಾಕಲು ಸಾಧ್ಯವೇ ಎಂದು ಕೇಳುವವರಿಗೆ ಮಲೇಷ್ಯಾದ ಸಿಪಾಡಾನ್ ದ್ವೀಪವಿದೆ. 2004ರ ಕೊನೆಗೆ ಆ ದ್ವೀಪದ ಮೇಲಿದ್ದ ವಸತಿಗೃಹಗಳನ್ನೆಲ್ಲ ತೆರವುಗೊಳಿಸಿ, ದಿನಕ್ಕೆ 120 ಮಂದಿಗೆ ಮಾತ್ರ ಅನುಮತಿ ಎಂದು ಗೊತ್ತುಪಡಿಸಲಾಯಿತು. ಶುಲ್ಕ ಬಹುಕಾಲ 40 ರಿಂಗಿಟ್ ಮಾತ್ರವಿತ್ತು. ಮಿತಿಯನ್ನು ಹಾಕಿದ್ದು ತಲೆಯೆಣಿಕೆ. ದುರದೃಷ್ಟವಶಾತ್ ಆ ಸಂಖ್ಯೆಯನ್ನು ಮುಂದೆ ಏರಿಸಿದರು. ಅನುಮತಿ ಪತ್ರಗಳೂ ವಸತಿಗೃಹಗಳ ಕೈಯಲ್ಲಿದ್ದು, ಇಂತಿಷ್ಟು ರಾತ್ರಿ ತಮ್ಮಲ್ಲಿ ತಂಗಿದವನಿಗೆ ಮಾತ್ರ ಒಂದು ದಿನದ ಸರದಿ ಎಂಬ ವ್ಯವಹಾರ ಬೆಳೆಯಿತು. ಒಳ್ಳೆಯ ನಿಯಮವನ್ನು ಹಿಂಬಾಗಿಲಿನಿಂದ ಮತ್ತೆ ಹಣವೇ ಬಂದು ಆಳಿತು. ಪಲಾವಿನ ಹಿರಿಯರಿಗೂ ಹಣವಿಲ್ಲದ ಮಿತಿ ಗೊತ್ತಿತ್ತು. ಅವರು ‘ಬುಲ್’ ಎನ್ನುತ್ತಿದ್ದರು. ಮುಖಂಡರು ಒಂದು ದಿಬ್ಬದಲ್ಲಿ ಕೆಲಕಾಲ ಮೀನು ಹಿಡಿಯಬಾರದೆಂದು ಸಾರಿದರೆ ಊರೆಲ್ಲ ಬಲೆ ಮಡಚುತ್ತಿತ್ತು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದನ್ನು ವರ್ಷವರ್ಷವೂ ಕಾಣುವ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ಕೆಳಮೌಲ್ಯದ’ ಪ್ರವಾಸಿಯ ಪರವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಾಲ್ಡೀವ್ಸಿನಲ್ಲಿ ದೀರ್ಘಕಾಲ ವಿದೇಶಿಯರನ್ನು ಪ್ರತ್ಯೇಕ ವಿಹಾರ ದ್ವೀಪಗಳಲ್ಲಿಯೇ ಇರಿಸಲಾಗುತ್ತಿತ್ತು. ಒಂದು ದ್ವೀಪ, ಒಂದು ಹೋಟೆಲು. ದೇಶದ ಸಾಮಾನ್ಯ ಜನ ಒಂದು ಕಡೆ, ಅತಿಥಿ ಮತ್ತೊಂದು ಕಡೆ. 2009ರ ಆಸುಪಾಸಿನಲ್ಲಿ ನೀತಿ ಬದಲಾಗಿ, ಜನವಸತಿಯಿರುವ ದ್ವೀಪಗಳಲ್ಲಿ ಸಣ್ಣ ಅತಿಥಿಗೃಹಗಳಿಗೆ ದಾರಿ ತೆರೆಯಿತು. ಊರಿನ ಕುಟುಂಬ ನಾಲ್ಕು ಕೋಣೆ ಕಟ್ಟಿತು, ಮೀನುಗಾರನ ಮಗ ಡೈವಿಂಗ್ ಕಲಿಸತೊಡಗಿದ, ಮಧ್ಯಮ ವರ್ಗದ ಭಾರತೀಯನಿಗೂ ಆ ಕಡಲು ಎಟುಕಿತು. 2025ರ ಜನವರಿಯಿಂದ ಅಲ್ಲಿನ ಹಸಿರು ತೆರಿಗೆ ಇಮ್ಮಡಿಯಾದಾಗ ದೊಡ್ಡ ವಿಹಾರಧಾಮದವನಿಗೆ ರಾತ್ರಿಗೆ 12 ಡಾಲರ್, ಜನವಸತಿಯ ದ್ವೀಪದ ಸಣ್ಣ ಅತಿಥಿಗೃಹದವನಿಗೆ 6 ಎಂದು ಭೇದ ಮಾಡಿದ್ದು ಸರಿಯಾದ ಹೆಜ್ಜೆ. ಹೆಚ್ಚು ಬಳಸುವವನು ಹೆಚ್ಚು ತೆರಲಿ.

ಬೆಲೆಯ ಭಾಷೆಗೆ ಇನ್ನೂ ಒಂದು ಅಪಾಯವಿದೆ. 2011ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಲೆಕ್ಕ ಹಾಕಿ, ಪಲಾವಿನ ದಿಬ್ಬದ ಒಂದು ಶಾರ್ಕ್ ತನ್ನ ಜೀವಿತಾವಧಿಯಲ್ಲಿ ಪ್ರವಾಸೋದ್ಯಮಕ್ಕೆ ಸುಮಾರು 19 ಲಕ್ಷ ಡಾಲರ್ ತರುತ್ತದೆ, ಕೊಂದು ಮಾರಿದರೆ ಸಿಗುವುದು 108 ಡಾಲರ್ ಎಂದರು. ಈ ಅಂಕಿ ಶಾರ್ಕುಗಳನ್ನು ಉಳಿಸಲು ನೆರವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರವಾಸಿ ಬಾರದಿದ್ದರೆ? 2017ರ ಕೊನೆಗೆ ತೈವಾನಿನೊಡನೆ ಪಲಾವಿಗಿರುವ ಸ್ನೇಹದ ಕಾರಣಕ್ಕೆ ಚೀನಾ ತನ್ನ ಪ್ರವಾಸಿ ಗುಂಪುಗಳನ್ನು ತಡೆಯಿತು, 2020ರಲ್ಲಿ ಕೊರೋನಾ ಬಂದು ದ್ವೀಪದ ಬಾಗಿಲೇ ಮುಚ್ಚಿತು. ಆ ದಿನಗಳಲ್ಲಿ ಶಾರ್ಕಿನ ಬೆಲೆ ಎಷ್ಟು? ಸೊನ್ನೆಯೇ? ಯಾರೂ ನೋಡದಿದ್ದಾಗಲೂ ಅದು ಬದುಕಬೇಕಾದ ಜೀವಿಯೆಂಬ ಮಾತಿಗೆ ಆ ಲೆಕ್ಕಪುಸ್ತಕದಲ್ಲಿ ಅಂಕಣವಿಲ್ಲ. ಹಣಕ್ಕೆ ತಾಗದ ಶತ್ರುಗಳೂ ಇದ್ದಾರೆ. 1998ರಲ್ಲಿ ಕಡಲು ಕಾದು ಪಲಾವಿನ ಹವಳಗಳು ಬಿಳಿಚಿಕೊಂಡು ಅಪಾರವಾಗಿ ಸತ್ತವು. 2016ರ ಬರದಲ್ಲಿ ಸರೋವರದ ಲಕ್ಷಾಂತರ ಚಿನ್ನದ ಬಣ್ಣದ ಲೋಳೆಮೀನುಗಳು ಕಾಣೆಯಾಗಿ, ಚೇತರಿಸಿಕೊಳ್ಳಲು ವರ್ಷಗಳು ಹಿಡಿದವು. ಪ್ರವೇಶಪತ್ರದ ನೂರು ಡಾಲರ್ ಆ ಬಿಸಿಯನ್ನು ತಣಿಸಲಿಲ್ಲ. ಮೂರು ವಿಮಾನ ಬದಲಿಸಿ ಬಂದ ನಾವೇ ಆ ಬಿಸಿಗೆ ಇಂಧನ ಸುರಿದವರು ಎಂಬುದನ್ನು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಹೆಚ್ಚಿನ ಬೆಲೆ ಯಾತ್ರಿಕನ ಮನಸ್ಸಿಗೆ ಮಾಡುವ ಕೆಡುಕು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎಂಬುದು ಅಂಗಡಿಯ ನ್ಯಾಯ. ಅಲ್ಲಿ ಅದು ಸರಿ. ಕಡಲಿಗೆ ಆ ನ್ಯಾಯವನ್ನು ಹೊತ್ತೊಯ್ದವನು, ‘ಇಷ್ಟು ಕೊಟ್ಟಿದ್ದೇನೆ, ಮಾಂಟಾ ತೊರಕೆ ಕಾಣಲೇಬೇಕು’ ಎನ್ನುತ್ತಾನೆ. ಮಾರ್ಗದರ್ಶಿಯ ಮೇಲೆ ಒತ್ತಡ ಬೀಳುತ್ತದೆ. ಪ್ರಾಣಿಯನ್ನು ಬೆನ್ನಟ್ಟಬಾರದೆಂದು ಬಲ್ಲವನೂ ಬಕ್ಷೀಸು ತಪ್ಪೀತೆಂದು ಬೆನ್ನಟ್ಟುತ್ತಾನೆ. ಸೆಳೆತ ಜೋರಾಗಿದ್ದರೂ ದೋಣಿ ಹೊರಡಲೇಬೇಕು, ಏಕೆಂದರೆ ಹಣ ಬಂದಿದೆ. ಶುಲ್ಕವೆಂಬುದು ಅತಿಥಿ ತೆರುವ ಋಣವಾಗಿದ್ದುದು ಹೀಗೆ ಗಿರಾಕಿ ಕೊಂಡ ಹಕ್ಕಾಗಿ ಬದಲಾಗುತ್ತದೆ. ಈ ಅಪಾಯವನ್ನು ಪಲಾವಿನವರೇ ಮೊದಲು ಅರಿತಂತಿದೆ. 2017ರ ಡಿಸೆಂಬರಿನಿಂದ ಅಲ್ಲಿಗೆ ಕಾಲಿಡುವ ಪ್ರವಾಸಿಯ ಪಾಸ್‌ಪೋರ್ಟಿನಲ್ಲಿ ಪ್ರತಿಜ್ಞೆಯೊಂದನ್ನು ಮುದ್ರೆಯೊತ್ತುತ್ತಾರೆ, ಅವನು ಅದಕ್ಕೆ ಸಹಿ ಹಾಕಬೇಕು. ಅಲ್ಲಿನ ಮಕ್ಕಳ ನೆರವಿನಿಂದ ರೂಪುಗೊಂಡ, ಆ ಮಕ್ಕಳನ್ನೇ ಉದ್ದೇಶಿಸಿದ ಮಾತುಗಳವು. 2022ರಲ್ಲಿ ‘ಓಲೌ ಪಲಾವು’ ಎಂಬ ಯೋಜನೆಯನ್ನು ಪ್ರಕಟಿಸಿ, ಪ್ರವಾಸಿ ಎಷ್ಟು ಖರ್ಚು ಮಾಡಿದ ಎಂಬುದಕ್ಕಲ್ಲ, ಹೇಗೆ ನಡೆದುಕೊಂಡ ಎಂಬುದಕ್ಕೆ ಅಂಕ ಕೊಡುವುದಾಗಿಯೂ, ಅಂಕ ಗಳಿಸಿದವರಿಗೆ ಹಣದಿಂದ ಕೊಳ್ಳಲಾಗದ ಅನುಭವಗಳನ್ನು ತೆರೆಯುವುದಾಗಿಯೂ ಹೇಳಿದರು. ಹೆಚ್ಚು ಖರ್ಚು ಮಾಡುವವರನ್ನೇ ಅರಸಿ ಹೊರಟ ದೇಶ ಕೆಲವೇ ವರ್ಷಗಳಲ್ಲಿ ಈ ಮಾತಿಗೆ ಬಂದಿತು.

ಪ್ರಿಯ ಓದುಗರೇ, ನಿಮ್ಮ ಮಗನೋ ಮಗಳೋ ಇಂಥ ಪ್ರವಾಸಕ್ಕೆ ಹಣ ಕೂಡಿಡುತ್ತಿದ್ದರೆ ತಡೆಯಬೇಡಿ. ಕಡಲಾಳದ ಆ ಬೆರಗನ್ನು ಕಂಡವರು ಧನ್ಯರು. ಆದರೆ ಮುಂಗಡ ಕಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಲು ಹೇಳಿ. ಈ ಮೊತ್ತದಲ್ಲಿ ದ್ವೀಪದ ಕಾವಲಿಗೆ ಹೋಗುವುದೆಷ್ಟು, ಮೆತ್ತನೆಯ ಹಾಸಿಗೆಗೆ ಹೋಗುವುದೆಷ್ಟು? ದೋಣಿ ನಡೆಸುವವನು, ಮಾರ್ಗ ತೋರಿಸುವವನು ಆ ಊರಿನವನೇ? ಆ ಊರಿನ ಮಕ್ಕಳು ಆ ನೀರಿಗಿಳಿದು ನೋಡಿದ್ದಾರೆಯೇ? ಇದಕ್ಕೆ ಪಲಾವಿನವರೆಗೆ ಹೋಗಬೇಕಾಗಿಯೂ ಇಲ್ಲ. ಮುರ್ಡೇಶ್ವರದ ದಡದಲ್ಲಿ ನಿಂತು ನೇತ್ರಾಣಿಯ ದೋಣಿಯವನನ್ನು ಕೇಳಲಿ: ಅಲ್ಲಿ ತಲಪಿದ ಮೇಲೆ ಲಂಗರನ್ನು ದಿಬ್ಬದ ಮೇಲೆ ಎಸೆಯುತ್ತೀರೋ, ದೋಣಿ ಕಟ್ಟಲು ಬೇರೆ ಏರ್ಪಾಡಿದೆಯೋ?